ಕಿಟಕಿಯೊಳಗಿನ ಪೂರ್ವರಂಗ

ತಪ್ಪಲು ಎಡೆಯಿಲ್ಲದಲ್ಲಿ ಕಲಿಯಲೂ ಎಡೆಯಿಲ್ಲ. ಈ ಮಾತು ವ್ಯಾಕರಣಕ್ಕೆ ಸಲ್ಲುವಂತೆ ಗಣಕಯಂತ್ರಕ್ಕೂ ಸಲ್ಲುತ್ತದೆ. ನಮ್ಮ ಪುತ್ತೂರು, ಸುಳ್ಯ, ಕಡಬಗಳ ಸೀಮೆಯ ಶಾಲೆಯೊಂದರಲ್ಲಿ ದಾನಿಗಳಿತ್ತ ಗಣಕಗಳಿಗೆ ಹೊದಿಕೆ ಹೊದಿಸಿ, ಕೋಣೆಗೆ ಬೀಗವಿಕ್ಕಿದ್ದುದನ್ನು ಕಂಡಿದ್ದೇನೆ. ಮಕ್ಕಳು ಮುಟ್ಟಿದರೆ ಕೆಡುವುದೆಂಬ ಭಯ ಅಕಾರಣವಲ್ಲ. ಆದರೆ ಬೀಗವು ಅದಕ್ಕೆ ಪರಿಹಾರವಲ್ಲ.

ತೆಂಕುತಿಟ್ಟಿನ ಯಕ್ಷಗಾನದಲ್ಲಿ ಹೊಸಬರು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಹೆಜ್ಜೆ ಪಳಗಿಸಿಕೊಳ್ಳುತ್ತಾರೆ. ರಂಗಸ್ಥಳ ಅದೇ, ಚೆಂಡೆ ಮದ್ದಳೆಗಳೂ ಅವೇ. ತಾಳ ತಪ್ಪಿದರೂ ಮುಂದಿನ ಪ್ರಸಂಗ ಕೆಡದು. ಗಣಕದಲ್ಲಿಯೂ ಇಂತಹ ಪೂರ್ವರಂಗವೊಂದುಂಟು.

ತೆರೆಯ ಮೇಲೆ ಚಿತ್ರ ಮೂಡಿಸುವ, ಕೀಲಿಮಣೆಯ ಸೂಚನೆಗಳನ್ನು ಸ್ವೀಕರಿಸುವ 'ಎಕ್ಸ್' ಎಂಬ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿತು. ಲಿನಕ್ಸ್ ಗಣಕಗಳು ಬಹುಕಾಲ ಇದನ್ನೇ ಆಶ್ರಯಿಸಿದವು. 'ಝೆಫಿರ್' ಎಂಬ ಉಚಿತ ತಂತ್ರಾಂಶವು ಇದರ ಒಂದು ಕಿಟಕಿಯೊಳಗೆ ಮತ್ತೊಂದು ಎಕ್ಸ್ ಸರ್ವರನ್ನು ನಡೆಸುತ್ತದೆ. ತಂದೆಗೆ ಮಗನಾಗಿ, ಮಗನಿಗೆ ತಂದೆಯಾಗಿ ನಿಲ್ಲುವ ಗೃಹಸ್ಥನಂತೆ, ಹೊರಗಿನ ಸರ್ವರಿಗೆ ಅದು ಬರಿಯ ಕಿಟಕಿ. ತನ್ನೊಳಗಿನ ಕಾರ್ಯಕ್ರಮಗಳಿಗೆ ತಾನೇ ಪೂರ್ಣ ತೆರೆ. ಅದಕ್ಕೆ ಬೇರೊಂದು ತೆರೆಸಂಖ್ಯೆಯನ್ನೂ, 800 ಅಡ್ಡ 600 ಬಿಂದುಗಳಂತಹ ಅಳತೆಯನ್ನೂ ಹೇಳಿದರಾಯಿತು. ವಿದ್ಯಾರ್ಥಿಯು ಅಲ್ಲಿ ಹೊಸ ಕಿಟಕಿ ನಿರ್ವಾಹಕವನ್ನು ಪರೀಕ್ಷಿಸಬಹುದು, ತೆರೆಯ ಅಳತೆ ಬದಲಿಸಬಹುದು. ಒಳಗಿನದು ಕುಸಿದರೆ ಕಿಟಕಿ ಮುಚ್ಚಿದರಾಯಿತು. ಹೊರಗಿನ ಕೆಲಸ ಸಾಗುತ್ತಲೇ ಇರುತ್ತದೆ. ಇಂದು ಎಕ್ಸ್‌ನ ಸ್ಥಾನಕ್ಕೆ ವೇಲ್ಯಾಂಡ್ ಬರುತ್ತಿದೆ; ಅಲ್ಲಿಯೂ ಈ ಒಳತೆರೆಯ ವಿದ್ಯೆ ಉಳಿದಿದೆ.

ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ದೋಷವಾದೀತು. ರಂಗ ಎರಡಾದರೂ ವೇಷದ ಪೆಟ್ಟಿಗೆ ಒಂದೇ. ಒಳತೆರೆಯಲ್ಲಿ ಅಳಿಸಿದ ಕಡತ ನಿಜವಾಗಿಯೂ ಅಳಿಯುತ್ತದೆ. ಆದುದರಿಂದ ಮಕ್ಕಳಿಗೆ ಪ್ರತ್ಯೇಕ ಖಾತೆಯೂ, ಶಾಲೆಯ ದಾಖಲೆಗಳಿಗೆ ಬೇರೆಡೆ ಪ್ರತಿಯೂ ಅವಶ್ಯ.

ಇದು ಹಳ್ಳಿಗೆ ಎಟುಕದ ಮಾತೆನ್ನುವವರು ಸುಳ್ಯದಿಂದ ಜಾಲ್ಸೂರು ದಾಟಿ ನೋಡಲಿ. ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಆಧಾರದ ಸ್ವತಂತ್ರ ತಂತ್ರಾಂಶದಲ್ಲಿಯೇ ಪಾಠ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಪಂಡಿತನಿಗೇಕೆ ಈ ಚಿಂತೆಯೆನ್ನುವವರಿಗೂ ಉತ್ತರವುಂಟು: ಕೆ.ಪಿ. ರಾವ್ ಅವರು ತಮ್ಮ ಕನ್ನಡ ಲಿಪಿ ತಂತ್ರಾಂಶಕ್ಕೆ ಇರಿಸಿದ್ದು ಛಂದೋವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನೇ.

ದಾನಿಗಳಲ್ಲಿ ನನ್ನ ವಿನಂತಿಯಿಷ್ಟೆ: ಯಂತ್ರ ಕೊಡುವಾಗ, ಅದನ್ನು ಮಕ್ಕಳು ಮುಟ್ಟಬೇಕೆಂಬ ಮಾತನ್ನೂ ಶಾಲೆಯಿಂದ ಪಡೆಯಿರಿ. ಅಧ್ಯಾಪಕ ಬಂಧುಗಳು ಬೀಗ ತೆರೆಯಲಿ. ತಪ್ಪಲೊಂದು ಕಿಟಕಿ ತೆರೆದಿರಲಿ.