ಕಡತ ಸೇರಿದ ದೇವರು

ವಿಕ್ರೋಳಿಯಿಂದ ದಿನವೂ ಲೋಕಲಿನಲ್ಲಿ ಜೋತಾಡಿಕೊಂಡು ಕಚೇರಿಗೆ ಹೋಗುವ ಕಾರಕೂನರು ನಾವು. ಮೊನ್ನೆ ಗಾಡಿ ಬೈಕುಲ್ಲಾದಲ್ಲಿ ನಿಂತಾಗ, ನಮ್ಮ ಕಚೇರಿಯವರೇ ಆದ ವಿಜಾಪುರದ ಕಡೆಯ ಮುಸಲ್ಮಾನ ಮಿತ್ರರು, “ಖಿಲಾಫತ್ ಹೌಸ್ ಇಲ್ಲೇ ಐತಿ, ನೋಡೀರೇನ್ರೀ?” ಎಂದರು. ಹೆಸರಷ್ಟನ್ನೇ ಕೇಳಿದ್ದೆವು, ಉಳಿದುದನ್ನು ಮನೆಗೆ ಬಂದು ಓದಿ ತಿಳಿದುಕೊಂಡೆವು.

ತುರ್ಕಸ್ತಾನದ ಖಲೀಫರ ಪೀಠವನ್ನು ಉಳಿಸಬೇಕೆಂದು 1919ರಲ್ಲಿ ಮುಂಬಯಿಯಲ್ಲಿ ಸಮಿತಿ ಹುಟ್ಟಿತು, ಗಾಂಧೀಜಿಯೂ ಕೈಗೂಡಿಸಿದರು. ಆದರೆ 1924ರ ಮಾರ್ಚಿನಲ್ಲಿ ಆ ಪೀಠವನ್ನು ಕಿತ್ತುಹಾಕಿದವರು ಆಂಗ್ಲರಲ್ಲ, ತುರ್ಕರ ಶಾಸನಸಭೆಯೇ! 1928ರಲ್ಲಿ ಇಸ್ಲಾಮು ರಾಜ್ಯದ ಧರ್ಮವೆಂಬ ಮಾತೂ ಅವರ ರಾಜ್ಯಘಟನೆಯಿಂದ ಹೋಯಿತು.

ಹಾಗೆಂದು ಸರಕಾರವು ಧರ್ಮದಿಂದ ದೂರ ನಿಂತಿತೆಂದು ತಿಳಿಯಬೇಡಿರಿ. ಅದೇ 1924ರಲ್ಲಿ ಧರ್ಮಕ್ಕೆಂದೇ ಒಂದು ಇಲಾಖೆ ಹುಟ್ಟಿತು. ಅಲ್ಲಿಯ ಇಮಾಮರು ಇಂದಿಗೂ ನಮ್ಮಂತೆಯೇ ಸಂಬಳದ ಸರಕಾರಿ ನೌಕರರು! 1932ರಲ್ಲಿ ಆಜಾನನ್ನು ತುರ್ಕಿ ಭಾಷೆಯಲ್ಲಿಯೇ ಕೂಗಬೇಕೆಂದಾಯಿತು. 1941ರಿಂದ ಅರಬ್ಬಿಯಲ್ಲಿ ಕೂಗಿದವರಿಗೆ ಶಿಕ್ಷೆ. ಬಹುಸಂಖ್ಯಾತರು ಮುಸಲ್ಮಾನರೇ ಆದ ಆ ನಾಡಿನಲ್ಲಿ ಜನರು ಎಷ್ಟು ದಿನ ಸಹಿಸಿಯಾರು? 1950ರ ಚುನಾವಣೆಯಲ್ಲಿ ಸರಕಾರವನ್ನೇ ಬದಲಿಸಿದರು. ತಿಂಗಳೊಪ್ಪತ್ತಿನಲ್ಲಿ ಅರಬ್ಬಿ ಆಜಾನು ಮರಳಿತು. 1935ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದ್ದ ಇಸ್ತಾಂಬುಲಿನ ಹಾಗಿಯಾ ಸೋಫಿಯಾ 2020ರಲ್ಲಿ ಮತ್ತೆ ಮಸೀದಿಯಾಯಿತು. ಎರಡು ಸಲವೂ ಬಿದ್ದದ್ದು ಸರಕಾರದ ಸಹಿಯೇ.

ಕಚೇರಿಯಲ್ಲಿಯೇ ಬೆಳೆದ ನಮಗೆ ಇದರ ಮರ್ಮ ತಿಳಿಯದೆ? ದೇವರನ್ನು ಒಮ್ಮೆ ಕಡತಕ್ಕೆ ಸೇರಿಸಿದರಾಯಿತು, ಮೇಲಧಿಕಾರಿ ಬದಲಾದಾಗಲೆಲ್ಲ ಷರಾ ಬದಲಾಗುವುದು.

ದೂರದ ಮಾತಿರಲಿ. ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಸತ್ಯನಾರಾಯಣ ಪೂಜೆ. ವಂತಿಗೆಯ ಪಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ತಿರುಗುವವರು ನಾವೇ. ಮಿತ್ರರು ಪ್ರತಿಸಲವೂ ಕೊಟ್ಟಿದ್ದಾರೆ. ಸಂತೋಷದಿಂದಲೋ ಸಂಕೋಚದಿಂದಲೋ, ನಾವು ಕೇಳಿದವರಲ್ಲ. ನಮ್ಮ ಮನೆಯ ಪೂಜೆಗೂ ಅವರು ಮಕ್ಕಳೊಡನೆ ಬಂದು ಸಪಾದ ಭಕ್ಷ್ಯ ತಿಂದು ಹೋಗಿದ್ದಾರೆ. ಅಲ್ಲಿ ಬರುವುದೂ ಬಿಡುವುದೂ ಅವರ ಇಚ್ಛೆ. ಕಚೇರಿಯ ಪಟ್ಟಿಯಲ್ಲಿ ಅವರ ಹೆಸರು ಮೊದಲೇ ಬರೆದಿರುತ್ತದೆ. ಬರೆದ ಕೈ ನಮ್ಮದು.

ಈ ವರ್ಷ ಪಟ್ಟಿ ಹಿಡಿಯಲಾರೆವೆಂದು ತಿಳಿಸಿಬಿಟ್ಟೆವು. ಇಬ್ಬರು ಮಾತು ಬಿಟ್ಟಿದ್ದಾರೆ. ಮಿತ್ರರು ಮಾತ್ರ, “ನನ್ನ ಸಲುವಾಗಿ ವೈರ ಕಟ್ಕೋಬ್ಯಾಡ್ರೀ” ಎಂದರು.

ಅವರೊಬ್ಬರ ಸಲುವಾಗಿ ಅಲ್ಲ. ಸಂಕೋಚಕ್ಕೆ ಕೊಟ್ಟ ಹಣದಿಂದ ನಡೆದ ಪೂಜೆ ಸತ್ಯನಾರಾಯಣನಿಗಾದರೂ ಸಲ್ಲುವುದೆ? ನಿಮ್ಮ ಕಚೇರಿಗಳಲ್ಲಿ ಹೇಗೋ, ಓದುಗ ಬಾಂಧವರು ಬರೆದು ತಿಳಿಸಬೇಕು.