ಆ ಗೆಳೆಯನೇ ಇರಬಹುದಾ? ಊಹೆ ಬೇರೆ, ಸಾಕ್ಷಿ ಬೇರೆ

ಮಗ್ರಿಬ್ ನಂತರದ ತರಗತಿ ಮುಗಿದು ಮಕ್ಕಳು ಚಪ್ಪಲಿ ಹುಡುಕುತ್ತಿದ್ದರು. ನಮ್ಮ ಹಳೆಯ ವಿದ್ಯಾರ್ಥಿ, ಈಗ ಪಿಯುಸಿ ಓದುವ ಹುಡುಗ, ಹತ್ತಿರ ಬಂದು ಕೇಳಿದ: "ಉಸ್ತಾದರೇ, ಆ ಬಾಲ್ಟಿಮೋರ್ ಕೇಸಿನಲ್ಲಿ ಗೆಳೆಯನೇ ಕೊಂದಿರಬಹುದಾ?" ನಮಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ವಿಚಾರಿಸಿದರೆ, ಗಲ್ಫಿನಲ್ಲಿರುವ ಅವನ ಅಣ್ಣ 'ಸೀರಿಯಲ್' ಎಂಬ ಅಮೆರಿಕದ ಪಾಡ್‌ಕಾಸ್ಟ್ ಕಳಿಸಿದ್ದಾನೆ. ಇವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ 12 ಕಂತೂ ಕೇಳಿ ಮುಗಿಸಿದ್ದಾನೆ. ಈಗ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತಂತೆ. ಅಣ್ಣನ ಪ್ರಕಾರ ಜೈಲಿಗೆ ಹೋದ ಹುಡುಗ ನಿರಪರಾಧಿ, ಗೆಳೆಯನೇ ಕೊಲೆಗಾರ. ಅಕ್ಕನ ಪ್ರಕಾರ ಇಬ್ಬರೂ ಕೂಡಿಯೇ ಮಾಡಿದ್ದು.

ಜೈಲಿಗೆ ಹೋದವನು ನಮ್ಮವನು, ಅಂದರೆ ಮುಸ್ಲಿಂ ಹುಡುಗ. ಮಾತು ಇಷ್ಟು ಬಿಸಿಯಾಗಲು ಅದೂ ಒಂದು ಕಾರಣ ಎಂದು ನಮಗನಿಸಿತು. ಹಾಗಾಗಿ ಈ ವಾರ ಆ ಪ್ರಕರಣವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಹೇ ಮಿನ್ ಲೀ ಕೊರಿಯಾದಲ್ಲಿ ಹುಟ್ಟಿದ 18 ವರ್ಷದ ಹುಡುಗಿ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಬಳಿಯ ವುಡ್‌ಲಾನ್ ಹೈಸ್ಕೂಲಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. 1999ರ ಜನವರಿ 13ರಂದು ಶಾಲೆ ಬಿಟ್ಟ ಮೇಲೆ ಚಿಕ್ಕ ಸೋದರ ಸಂಬಂಧಿಯನ್ನು ಕರೆತರಲು ಹೋಗಬೇಕಿತ್ತು, ಹೋಗಲಿಲ್ಲ. ಫೆಬ್ರವರಿ 9ರಂದು ಲೀಕಿನ್ ಪಾರ್ಕ್ ಎಂಬ ಕಾಡಿನಂಥ ಜಾಗದಲ್ಲಿ ಶವ ಸಿಕ್ಕಿತು. ಕತ್ತು ಹಿಸುಕಿ ಕೊಂದಿದ್ದರು.

ಅನಾಮಧೇಯ ಫೋನ್ ಕರೆಯೊಂದು ಪೊಲೀಸರಿಗೆ ಅವಳ ಮಾಜಿ ಪ್ರೇಮಿಯತ್ತ ಬೆರಳು ತೋರಿಸಿತು. ಅವನೇ ಅದ್ನಾನ್ ಸೈಯದ್, 17 ವರ್ಷ, ಪಾಕಿಸ್ತಾನಿ ಮೂಲದ ಮನೆತನ, ಮಸೀದಿಗೆ ಹೋಗಿ ಬರುವ ಹುಡುಗ. ಪೊಲೀಸರು ಅವನ ಮೊಬೈಲ್ ಕರೆಗಳ ಪಟ್ಟಿ ತರಿಸಿದರು. ಪಟ್ಟಿ ಹಿಡಿದು ಹೋದರೆ ಒಬ್ಬ ಹುಡುಗಿ, ಅವಳ ಮಾತು ಹಿಡಿದು ಹೋದರೆ ಈ 'ಗೆಳೆಯ'. ಅವನ ಹೆಸರು ಇವತ್ತು ಜಗತ್ತಿಗೆಲ್ಲ ಗೊತ್ತು, ಆದರೆ ನಾವು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಆ ದಿನ ಅದ್ನಾನ್ ತನ್ನ ಕಾರನ್ನೂ ಹೊಸ ಮೊಬೈಲನ್ನೂ ಈ ಗೆಳೆಯನಿಗೆ ಕೊಟ್ಟಿದ್ದ. ಗೆಳೆಯ ಪೊಲೀಸರಿಗೆ ಹೇಳಿದ್ದಿಷ್ಟು: ಅದ್ನಾನ್ ನನಗೆ ಕಾರಿನ ಡಿಕ್ಕಿಯಲ್ಲಿ ಶವ ತೋರಿಸಿದ, ಹೂಳಲು ನಾನು ಸಹಾಯ ಮಾಡಿದೆ. ಹೇ ಮಿನ್ ಲೀಯ ಕಾರು ಅದುವರೆಗೆ ಸಿಕ್ಕಿರಲಿಲ್ಲ. ಆ ಕಾರು ನಿಂತ ಜಾಗಕ್ಕೂ ಇವನೇ ಪೊಲೀಸರನ್ನು ಕರೆದುಕೊಂಡು ಹೋದ. 1999ರ ಫೆಬ್ರವರಿ 28ರಂದು ಅದ್ನಾನ್ ಬಂಧನವಾಯಿತು. 2000ದ ಫೆಬ್ರವರಿಯಲ್ಲಿ ತೀರ್ಪು, ಜೂನ್‌ನಲ್ಲಿ ಶಿಕ್ಷೆ: ಜೀವಾವಧಿ ಮತ್ತು ಅದರ ಮೇಲೆ 30 ವರ್ಷ. ಕೊಲೆಯ ನಂತರ ಸಹಾಯ ಮಾಡಿದ ತಪ್ಪನ್ನು ಒಪ್ಪಿಕೊಂಡ ಗೆಳೆಯನಿಗೆ ಜೈಲುವಾಸ ಆಗಲಿಲ್ಲ.

ಜನ ಹಿಡಿದುಕೊಂಡದ್ದು ಇದನ್ನೇ. ಶವ ಹೂಳಿದೆ ಎಂದು ತಾನೇ ಒಪ್ಪಿದವನು ಮನೆಗೆ ಹೋದ, ನಾನು ಮಾಡಿಲ್ಲ ಎಂದವನು ಒಳಗೆ ಹೋದ. ಅದರ ಮೇಲೆ ಗೆಳೆಯನ ಮಾತು ಒಂದೇ ತರ ಇರಲಿಲ್ಲ. ಶವ ಎಲ್ಲಿ ತೋರಿಸಿದ, ಅವತ್ತು ಎಲ್ಲೆಲ್ಲಿಗೆ ಹೋದರು, ಇಂಥ ವಿವರಗಳು ಹೇಳಿಕೆಯಿಂದ ಹೇಳಿಕೆಗೆ ಬದಲಾದವು. 2014ರ ಕೊನೆಯಲ್ಲಿ ಪತ್ರಿಕಾ ಸಂದರ್ಶನದಲ್ಲಿ, ಹೂಳಿದ ಸಮಯ ಮಧ್ಯರಾತ್ರಿಗೆ ಹತ್ತಿರ ಎಂದ. ಕೋರ್ಟಿನಲ್ಲಿ ಹೇಳಿದ್ದು ಸಂಜೆಯ ಹೊತ್ತು. ಹಾಗಾದರೆ ಇವನೇ ಯಾಕಿರಬಾರದು ಎಂದು ಯಾರಿಗಾದರೂ ಅನಿಸುತ್ತದೆ. ಅನಿಸುವುದು ತಪ್ಪಲ್ಲ.

ಆದರೆ ಇನ್ನೊಂದು ಬದಿಯೂ ಉಂಟು. ಸುಳ್ಳು ಹೇಳಿದವನೆಲ್ಲ ಕೊಲೆಗಾರನಲ್ಲ. ಹೆದರಿದವನು ಸುಳ್ಳು ಹೇಳುತ್ತಾನೆ, ಇನ್ಯಾರನ್ನೋ ಕಾಪಾಡಲು ಹೋದವನು ಹೇಳುತ್ತಾನೆ, ಪೊಲೀಸರಿಗೆ ಬೇಕಾದದ್ದನ್ನು ಕೊಟ್ಟು ಪಾರಾಗಲು ನೋಡುವವನೂ ಹೇಳುತ್ತಾನೆ. ನಮ್ಮ ಫಿಕ್‌ಹ್ ಕಿತಾಬುಗಳಲ್ಲಿ ಸಾಕ್ಷಿಯ ಅಧ್ಯಾಯ ಓದಿದವರಿಗೆ ಇದು ಹೊಸತಲ್ಲ. ಸಾಕ್ಷಿ ಹೇಳುವವನಿಗೆ ಆ ಸಾಕ್ಷಿಯಿಂದ ಸ್ವಂತ ಲಾಭ ಇದ್ದರೆ ಅವನ ಮಾತನ್ನು ಸಂಶಯದಿಂದ ನೋಡಬೇಕು. ಸಾಕ್ಷಿ ದುರ್ಬಲವಾದರೆ ಆರೋಪ ದುರ್ಬಲವಾಗುತ್ತದೆ, ಅಷ್ಟೇ. ಆ ಆರೋಪ ತಿರುಗಿ ಸಾಕ್ಷಿಯ ತಲೆಗೇ ಅಂಟಿಕೊಳ್ಳುವುದಿಲ್ಲ. ಅವನ ಮೇಲೆ ಹೊರಿಸಬೇಕಾದರೆ ಬೇರೆ ಪುರಾವೆ ಬೇಕು. ಇಷ್ಟು ವರ್ಷಗಳಲ್ಲಿ ಯಾವ ಕೋರ್ಟಿನಲ್ಲೂ ಆ ಗೆಳೆಯನ ಮೇಲೆ ಕೊಲೆಯ ಆರೋಪ ಬಂದಿಲ್ಲ. ಹೆಸರು ಬರೆಯದಿರಲು ಅದೇ ಕಾರಣ.

ಊಹೆಯ ಪೆಟ್ಟು ಹೇಗಿರುತ್ತದೆ ಎಂದು ಇದೇ ಪ್ರಕರಣದಲ್ಲಿ ಬಾಲ್ಟಿಮೋರಿನ ಮುಸ್ಲಿಮರು ಕಂಡಿದ್ದಾರೆ. ಅದ್ನಾನ್‌ಗೆ ಜಾಮೀನು ಕೇಳುವಾಗ ಮಸೀದಿಯ ಜನ ಅವನ ಬೆನ್ನಿಗೆ ನಿಂತರು. ಸರಕಾರಿ ವಕೀಲರು ಅದನ್ನೇ ತಿರುಗಿಸಿದರು. ಪ್ರೀತಿ ಮುರಿದಾಗ ಪಾಕಿಸ್ತಾನಿ ಯುವಕರು ಕೊಂದು ದೇಶ ಬಿಟ್ಟು ಓಡಿಹೋಗುವ ಪರಿಪಾಠ ಉಂಟು, ಇವನೂ ಓಡಬಹುದು ಎಂದು ವಾದಿಸಿದರು. ಅಂಥ ಪರಿಪಾಠಕ್ಕೆ ಆಧಾರ ಇರಲಿಲ್ಲ. ಆಮೇಲೆ ನ್ಯಾಯಾಧೀಶರಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಆದರೆ ಜಾಮೀನು ಸಿಗಲಿಲ್ಲ. ಇದನ್ನು ಕೇಳಿದಾಗ ನಮಗೆ ರಕ್ತ ಕುದಿಯುತ್ತದೆ, ಕುದಿಯಲೇಬೇಕು. ಆದರೆ ಅದೇ ಬಾಯಲ್ಲಿ, 'ಆ ಗೆಳೆಯ ಗಾಂಜಾ ಮಾರುತ್ತಿದ್ದವನು, ಅಂಥವನು ಏನೂ ಮಾಡಿಯಾನು' ಎಂದು ನಾವು ಹೇಳಿದರೆ? ಅದೂ ಅದೇ ಅಳತೆಗೋಲು. ಹಿಡಿದ ಕೈ ಮಾತ್ರ ಬೇರೆ.

ಮುಂದಿನ ಕಥೆ ಉದ್ದ ಉಂಟು, ಚುಟುಕಾಗಿ ಹೇಳುತ್ತೇವೆ. 2014ರ ಪಾಡ್‌ಕಾಸ್ಟ್‌ನಿಂದ ಪ್ರಕರಣ ಮತ್ತೆ ಎದ್ದಿತು. 2016ರಲ್ಲಿ ಮರುವಿಚಾರಣೆಗೆ ಆದೇಶವಾಯಿತು, 2019ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯ 4-3 ಮತಗಳಿಂದ ಅದನ್ನು ತಳ್ಳಿಹಾಕಿತು. 2022ರಲ್ಲಿ ಸರಕಾರಿ ವಕೀಲರೇ, ಬೇರೆ ಇಬ್ಬರು ಶಂಕಿತರ ಮಾಹಿತಿಯನ್ನು ಆರೋಪಿಯ ಕಡೆಯವರಿಗೆ ಕೊಟ್ಟಿರಲಿಲ್ಲ ಎಂದು ಕೋರ್ಟಿಗೆ ಹೋದರು. ಆ ಸೆಪ್ಟೆಂಬರ್ 19ರಂದು, 23 ವರ್ಷಗಳ ನಂತರ ಅದ್ನಾನ್ ಹೊರಬಂದ. ಕೊಲೆಯಾದವಳ ಸೋದರನಿಗೆ ಸರಿಯಾದ ಮುನ್ಸೂಚನೆ ಕೊಡಲಿಲ್ಲ ಎಂಬ ಕಾರಣಕ್ಕೆ 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷಾ ತೀರ್ಪನ್ನು ಮರಳಿ ಸ್ಥಾಪಿಸಿತು. 2024ರಲ್ಲಿ ಮೇರಿಲ್ಯಾಂಡ್ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಹೊಸ ಸರಕಾರಿ ವಕೀಲರು ಹಿಂದಿನವರ ಅರ್ಜಿಯಲ್ಲಿ ದಾರಿ ತಪ್ಪಿಸುವ ಮಾತುಗಳಿವೆ ಎಂದು ಅದನ್ನು ಹಿಂತೆಗೆದುಕೊಂಡರು. ಆ ಮಾರ್ಚ್ 6ರಂದು ಕೋರ್ಟು, ಅನುಭವಿಸಿದ ಶಿಕ್ಷೆಯೇ ಸಾಕು, ಮುಂದಿನ 5 ವರ್ಷ ನಿಗಾದಲ್ಲಿರಲಿ ಎಂದಿತು. ಇವತ್ತಿಗೆ ಅವನು ಮನೆಯಲ್ಲಿದ್ದಾನೆ, ಆದರೆ ಕಾನೂನಿನ ಕಣ್ಣಿನಲ್ಲಿ ಅಪರಾಧಿಯೇ. ನ್ಯಾಯಾಧೀಶರು, ವಕೀಲರು, ಕಡತ, ಡಿಎನ್‌ಎ ಎಲ್ಲ ಇಟ್ಟುಕೊಂಡು 25 ವರ್ಷ ಜಗ್ಗಾಡಿದ ವಿಷಯವನ್ನು ನಾವು ಮೀನು ಸಾರಿನ ಬಟ್ಟಲು ಖಾಲಿಯಾಗುವಷ್ಟರಲ್ಲಿ ತೀರ್ಮಾನ ಮಾಡುತ್ತೇವೆ, ಅಲ್ಲವಾ?

ನಾವು ಇದನ್ನು ಎತ್ತರದಲ್ಲಿ ಕೂತು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಒಬ್ಬ ಹುಡುಗ ಹೊಳೆಯಲ್ಲಿ ಶವವಾಗಿ ಸಿಕ್ಕಿದ. ಕೊನೆಗೆ ಅವನ ಜೊತೆ ಕಂಡವನು ಅವನ ಜೀವದ ಗೆಳೆಯ. ಇಬ್ಬರೂ ನಮ್ಮ ಹತ್ತಿರವೇ ಅಲಿಫ್ ಬಾ ಕಲಿತವರು. ಮಯ್ಯತ್ ಮನೆಯಿಂದ ಹೊರಡುವ ಮೊದಲೇ ವಾಟ್ಸ್ಆಪ್‌ನಲ್ಲಿ ವಾಯ್ಸ್ ಮೆಸೇಜು ಓಡಾಡತೊಡಗಿತು: ಹಣದ ತಕರಾರಂತೆ, ಫೋನಲ್ಲಿ ಜಗಳವಂತೆ, ಅವನೇ ತಳ್ಳಿದ್ದಂತೆ. ಚಹಾದಂಗಡಿಯಲ್ಲಿ ಯಾರೋ ನಮ್ಮನ್ನೂ ಕೇಳಿದರು. ನಾವು ಸುಮ್ಮನಿರಬಹುದಿತ್ತು. "ಅವನು ಸಣ್ಣದರಲ್ಲೇ ಸ್ವಲ್ಪ ಮೊಂಡ" ಎಂದುಬಿಟ್ಟೆವು. ಅಷ್ಟೇ ಮಾತು. ಸಂಜೆಯೊಳಗೆ ಅದು 'ಉಸ್ತಾದರೇ ಹೇಳಿದರು' ಎಂದಾಗಿ ಊರು ಸುತ್ತಿತು. ಎರಡು ದಿನ ಬಿಟ್ಟು ಆ ಗೆಳೆಯನ ಉಮ್ಮ ಮದ್ರಸದ ಬಾಗಿಲಿಗೆ ಬಂದರು. ಜಗಳಕ್ಕೆ ಬಂದದ್ದಲ್ಲ. "ಉಸ್ತಾದರೂ ಹಾಗೆ ಹೇಳಿದ್ದು ಹೌದಾ?" ಎಂದು ಒಂದೇ ಮಾತು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ತನಿಖೆಯಲ್ಲಿ ಹುಡುಗ ಕಾಲು ಜಾರಿ ಮುಳುಗಿದ್ದು ಎಂದು ಆಯಿತು. ಅಷ್ಟರಲ್ಲಿ ಗೆಳೆಯ ಜುಮಾಕ್ಕೆ ಬರುವುದನ್ನೇ ಬಿಟ್ಟಿದ್ದ. ಆಮೇಲೆ ಗಲ್ಫಿಗೆ ಹೋದ. ರಜೆಗೆ ಬಂದರೂ ನಮ್ಮ ಮಸೀದಿಗೆ ಬರುವುದಿಲ್ಲ, ಪಕ್ಕದೂರಿನಲ್ಲಿ ನಮಾಝ್ ಮುಗಿಸುತ್ತಾನೆ. ತನ್ನ ಗೆಳೆಯನನ್ನು ಕಳಕೊಂಡ ಹುಡುಗನಿಗೆ ಒಂದು ಸಾಂತ್ವನದ ಮಾತೂ ಸಿಗಲಿಲ್ಲ. ಅವನಿಗೆ ಹೇಳಬೇಕಾದ ಮಾಫಿ ನಮ್ಮ ಗಂಟಲಲ್ಲಿ ಇನ್ನೂ ಹಾಗೇ ಉಂಟು.

ಗುಮಾನಿಗಳಲ್ಲಿ ಕೆಲವು ಪಾಪ ಎಂದು ಸೂರಾ ಹುಜುರಾತ್ ಎಚ್ಚರಿಸುವುದನ್ನು ನಾವೇ ಮಕ್ಕಳಿಗೆ ಕಲಿಸುತ್ತೇವೆ. ಯೂಸುಫ್ ನೆಬಿಯವರ ಕಥೆಯನ್ನೂ ಕಲಿಸುತ್ತೇವೆ. ಅಣ್ಣಂದಿರು ಅಂಗಿಗೆ ಸುಳ್ಳು ರಕ್ತ ಬಳಿದು ತಂದರು, ತಪ್ಪು ಬಡಪಾಯಿ ತೋಳದ ಮೇಲೆ ಬಿತ್ತು. ಆ ಕಥೆ ಎರಡು ಪಾಠ ಹೇಳುತ್ತದೆ. ತೀರಾ ಹತ್ತಿರದವರೂ ಕೇಡು ಮಾಡಬಲ್ಲರು, ಹಾಗಾಗಿ ಗೆಳೆಯನನ್ನು ವಿಚಾರಿಸುವುದು ತಪ್ಪಲ್ಲ, ಪೊಲೀಸರು ವಿಚಾರಿಸಲೇಬೇಕು. ಆದರೆ ಕಥೆ ಚಂದ ಉಂಟು ಎಂಬ ಮಾತ್ರಕ್ಕೆ ಅದು ನಿಜ ಅಲ್ಲ. ಮಗನನ್ನು ಕಳಕೊಂಡ ತಂದೆ ಯಅ್‌ಕೂಬ್ ನೆಬಿಯವರೇ ಆ ಕಥೆಯನ್ನು ನಂಬಲಿಲ್ಲ, ತಾವೂ ಇನ್ನೊಂದು ಕಥೆ ಕಟ್ಟಲಿಲ್ಲ. ಸಬ್ರ್ ಮಾಡಿದರು.

ಗೊತ್ತಿರುವವನು ಸುಮ್ಮನಿರಬೇಕು ಎಂದು ಇದರ ಅರ್ಥವಲ್ಲ. ಕಣ್ಣಾರೆ ಕಂಡವನು, ಕಿವಿಯಾರೆ ಕೇಳಿದವನು ಸಾಕ್ಷಿ ಮುಚ್ಚಿಡುವುದು ದೊಡ್ಡ ಪಾಪ. ಅಂಥವರು ಠಾಣೆಗೆ ಹೋಗಲಿ, ಮ್ಯಾಜಿಸ್ಟ್ರೇಟರ ಮುಂದೆ ಹೇಳಲಿ, ಸಹಿ ಹಾಕಲಿ. ಅಲ್ಲಿ ಸುಳ್ಳು ಹೇಳಿದರೆ ಶಿಕ್ಷೆ ಉಂಟು, ಎದುರು ವಕೀಲರು ಅಡ್ಡ ಪ್ರಶ್ನೆ ಹಾಕುತ್ತಾರೆ. ವಾಯ್ಸ್ ಮೆಸೇಜಿಗೆ ಸಹಿ ಇಲ್ಲ, ಅಡ್ಡ ಪ್ರಶ್ನೆಯೂ ಇಲ್ಲ. ಸಹಿ ಹಾಕಲು ಧೈರ್ಯ ಇಲ್ಲದ ಮಾತನ್ನು ಫಾರ್ವರ್ಡ್ ಮಾಡುವ ಹಕ್ಕು ನಮಗೆ ಎಲ್ಲಿಂದ ಬಂತು?

ಕೊನೆಗೆ ಆ ಪಿಯುಸಿ ಹುಡುಗನನ್ನು ನಾವು ಒಂದು ಪ್ರಶ್ನೆ ಕೇಳಿದೆವು. ಗೆಳೆಯನಿಗೆ ಎಷ್ಟು ಗಂಟೆಗೆ ಫೋನ್ ಬಂತು, ಕಾರು ಎಲ್ಲಿ ನಿಂತಿತ್ತು ಎಲ್ಲ ನಿನಗೆ ಬಾಯಿಪಾಠ. ಸತ್ತ ಹುಡುಗಿಯ ಬಗ್ಗೆ ಏನು ಗೊತ್ತು? ಅವನು ತಲೆ ಕೆರೆದುಕೊಂಡ. ಹೇ ಮಿನ್ ಲೀ ಹಾಕಿ ಆಡುತ್ತಿದ್ದಳು, ಲಕ್ರಾಸ್ ಆಡುತ್ತಿದ್ದಳು, ಓದಿನ ಜೊತೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಶಿಕ್ಷೆ ವಿಧಿಸುವ ದಿನ ಅವಳ ತಾಯಿ ಕೋರ್ಟಿನಲ್ಲಿ ತಮ್ಮ ನಾಡಿನ ಗಾದೆಯೊಂದನ್ನು ನೆನಪಿಸಿದರು: ಹೆತ್ತವರು ಸತ್ತರೆ ಮಕ್ಕಳು ಮಣ್ಣಿನಲ್ಲಿ ಹೂಳುತ್ತಾರೆ, ಮಕ್ಕಳು ಸತ್ತರೆ ಹೆತ್ತವರು ಎದೆಯಲ್ಲಿ ಹೂಳುತ್ತಾರೆ ಎಂದು. 2022ರಲ್ಲಿ ಅವಳ ಸೋದರ ಕೋರ್ಟಿಗೆ ಹೇಳಿದ್ದೂ ಇದೇ ಅರ್ಥದ ಮಾತು: ಇದು ನಮಗೆ ಪಾಡ್‌ಕಾಸ್ಟ್ ಅಲ್ಲ, ನಮ್ಮ ಬದುಕು.

"ಹಾಗಾದರೆ ಉಸ್ತಾದರೇ, ನಿಮಗೆ ಏನನಿಸುತ್ತದೆ, ಗೆಳೆಯನೇ ಇರಬಹುದಾ?" ಹುಡುಗ ಬಿಡಲಿಲ್ಲ. "ನಮಗೆ ಗೊತ್ತಿಲ್ಲ" ಎಂದೆವು. ಅವನಿಗೆ ಸಮಾಧಾನ ಆದಂತೆ ಕಾಣಲಿಲ್ಲ. ಆದರೆ ಚಹಾದಂಗಡಿಯಲ್ಲಿ ಅವತ್ತು ನಾವು ಹೇಳಬೇಕಾಗಿದ್ದ ಮಾತೂ ಅದೇ ಆಗಿತ್ತು.