ಅಟ್ಟದ ಮೇಲಿನ ಪೆಟ್ಟಿಗೆ



ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ ನಡೆಯಿತು. ವಾದಿ ನಾನು, ಪ್ರತಿವಾದಿ ನನ್ನ ಹತ್ತು ವರ್ಷದ ಮಗ, ನ್ಯಾಯಾಧೀಶರು, ಅಡಿಗೆಮನೆಯ ಬಾಗಿಲಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದ ನನ್ನ ತಾಯಿ. ಹುಡುಗ ಮೊಬೈಲಿನಲ್ಲಿ ಆಟವಾಡುತ್ತಿದ್ದ. "ಆಟ ಸಾಕು, ಒಂದು ಪುಸ್ತಕ ಹಿಡಿ. ಪುಸ್ತಕ ಅಂದ್ರ ಯಾರೋ ಕಷ್ಟಪಟ್ಟು ಬರದಿರತಾರ" ಎಂದೆ. ಆತ ತಲೆ ಎತ್ತದೆಯೇ, "ಆಟಾನೂ ಯಾರೋ ಬರದಿರತಾರಲ್ಲ, ಅಪ್ಪಾ" ಎಂದುಬಿಟ್ಟ. "ಹೌದಲ್ಲೋ, ಅದೇನು ತಾನ ಹುಟ್ಟತದೇನು?" ಎಂದು ತಾಯಿ ಮೊಮ್ಮಗನ ಪರವಾಗಿ ತೀರ್ಪು ಕೊಟ್ಟರು. ಕಚೇರಿಯಲ್ಲಿ ಮೇಲಿನವರ ಷರಾವನ್ನು ಒಪ್ಪಿ ಅಭ್ಯಾಸವಾದ ನಾನು ಇದನ್ನೂ ಒಪ್ಪಿಕೊಂಡೆ.

ಒಪ್ಪಿದ ಮೇಲೆ ಒಂದು ಹಳೆಯ ನೆನಪು ಬಂತು. ನಾನೂ ಹತ್ತು ವರ್ಷದವನಿದ್ದಾಗ ಡೊಂಬಿವಲಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ನಾವು ಹುಡುಗರು ಮಾಸ್ತರರ ಕಣ್ಣು ತಪ್ಪಿಸಿ ಒಂದು ಆಟ ಆಡುತ್ತಿದ್ದೆವು. ಬಿಳಿ ಬಟ್ಟೆಯ ತರುಣನೊಬ್ಬ ಸೆರೆಮನೆಯೊಳಗೆ ಓಡುತ್ತಾನೆ, ಹಾರುತ್ತಾನೆ, ಕಟ್ಟೆಯ ಅಂಚು ಹಿಡಿದು ಜೋತಾಡುತ್ತಾನೆ. ಅರುವತ್ತು ನಿಮಿಷದಲ್ಲಿ ರಾಜಕುಮಾರಿಯನ್ನು ಬಿಡಿಸಬೇಕು. 'ಪ್ರಿನ್ಸ್ ಆಫ್ ಪರ್ಶಿಯಾ' ಅದರ ಹೆಸರು. ನಮ್ಮ ಪೈಕಿ ನಾಲ್ವತ್ತರ ಆಸುಪಾಸಿನ ಅನೇಕರಿಗೆ ಅದರ ಪರಿಚಯ ಇದ್ದೀತು. ಅದನ್ನು ಬರೆದವನು ಯಾರೆಂದು ಅಂದು ಯಾರೂ ಕೇಳಲಿಲ್ಲ. ಈ ಸಲ ಹುಡುಕಿ ಓದಿದೆ. ಓದಿದ್ದನ್ನು ತಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು. ಏಕೆಂದರೆ ಅದು ಊರು ಬಿಟ್ಟ ಒಂದು ಮನೆತನದ ಕಥೆಯೂ ಹೌದು.

ಆತನ ಹೆಸರು ಜೋರ್ಡನ್ ಮೆಕ್ನರ್. ಹುಟ್ಟಿದ್ದು ೧೯೬೪ರಲ್ಲಿ, ನ್ಯೂಯಾರ್ಕಿನಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿರುವಾಗಲೇ ಆಪಲ್ ಟೂ ಎಂಬ ಗಣಕಯಂತ್ರದ ಮುಂದೆ ರಾತ್ರಿ ಕಳೆಯುತ್ತಿದ್ದ. ಒಂದು ಆಟ ಬರೆದು ಬ್ರೋಡರ್‌ಬಂಡ್ ಎಂಬ ಸಂಸ್ಥೆಗೆ ಕಳಿಸಿದ, ಅದು ತಿರಸ್ಕೃತವಾಯಿತು. ಎದೆಗುಂದದೆ ಇನ್ನೊಂದು ಬರೆದ. ಅದೇ ೧೯೮೪ರಲ್ಲಿ ಹೊರಬಂದ 'ಕರಾಟೆಕಾ'. ಅಂದಿನ ಆಟಗಳ ಗೊಂಬೆಗಳು ಕಟ್ಟಿಗೆಯಂತೆ ನಡೆಯುತ್ತಿದ್ದವು. ಈತ ಕರಾಟೆ ಗುರುವೊಬ್ಬನ ಪಟ್ಟುಗಳನ್ನು ಸಣ್ಣ ಚಿತ್ರಸುರುಳಿಯಲ್ಲಿ ಸೆರೆಹಿಡಿದು, ಒಂದೊಂದು ಚಿತ್ರದ ಹೊರಗೆರೆಯನ್ನೂ ಕೈಯಿಂದ ತಿದ್ದಿ ಗಣಕಕ್ಕೆ ಏರಿಸಿದ. ಗೊಂಬೆ ಮನುಷ್ಯನಂತೆ ನಡೆಯಿತು. ತಂದೆಗೂ ಕರಾಟೆಯ ಉಡುಪು ತೊಡಿಸಿ ಚಿತ್ರ ತೆಗೆದದ್ದುಂಟು. ಆಟಕ್ಕೆ ಸಂಗೀತ ಕೂಡಿಸಿದವರೂ ತಂದೆ ಫ್ರಾನ್ಸಿಸರೇ. ಅವರು ಮನಶ್ಶಾಸ್ತ್ರಜ್ಞರು, ಪಿಯಾನೋ ಬಲ್ಲವರು. ಕೊನೆಯಲ್ಲಿ ಒಂದು ಚೇಷ್ಟೆಯನ್ನೂ ಇಟ್ಟಿದ್ದ: ಎಲ್ಲರನ್ನೂ ಗೆದ್ದು ಬಂದ ವೀರ ಕಾದಾಟದ ಭಂಗಿಯಲ್ಲೇ ರಾಜಕುಮಾರಿಯ ಹತ್ತಿರ ಹೋದರೆ, ಆಕೆ ಒಂದೇ ಒದೆತಕ್ಕೆ ಅವನನ್ನು ಮುಗಿಸುತ್ತಾಳೆ. ಮನೆಗೆ ಬಂದ ಮೇಲೆ ಕಚೇರಿಯ ಮುಖ ಕಳಚಿಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ತೋರದು.

ಮುಂದಿನ ಆಟಕ್ಕೆ ನಟನಾದವನು ಒಡಹುಟ್ಟಿದ ತಮ್ಮ. ೧೯೮೫ರಲ್ಲಿ ಇನ್ನೂ ಶಾಲೆಯ ಹುಡುಗನಾಗಿದ್ದ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ವಾಹನ ನಿಲ್ಲಿಸುವ ಒಂದು ಬಯಲಿನಲ್ಲಿ ಓಡಿಸಿ, ಹಾರಿಸಿ ಚಿತ್ರ ತೆಗೆದ. ನಾವು ಕ್ಲಾಸಿನಲ್ಲಿ ಓಡಿಸುತ್ತಿದ್ದ ರಾಜಕುಮಾರ ಆ ತಮ್ಮನೇ! ಕತ್ತಿವರಸೆಗೆ ಮಾತ್ರ ೧೯೩೮ರ ರಾಬಿನ್ ಹುಡ್ ಚಲನಚಿತ್ರದ ಒಂದು ದೃಶ್ಯವನ್ನು ಆಧಾರವಾಗಿ ಇಟ್ಟುಕೊಂಡ. ಕೆಲಸ ನಾಲ್ಕು ವರ್ಷ ಹಿಡಿಯಿತು. ನಡುವೆ ಚಿತ್ರಕಥೆ ಬರೆಯುವ ಹುಚ್ಚು ಹತ್ತಿ ಇದನ್ನು ಕೈಬಿಟ್ಟ ತಿಂಗಳುಗಳೂ ಉಂಟು.

ಇಕ್ಕಟ್ಟಿನಿಂದಲೇ ಒಂದು ಚೆಲುವು ಹುಟ್ಟಿದ ಬಗೆ ಕೇಳಿ. ನಮ್ಮ ಫೋನಿನ ಒಂದು ಭಾವಚಿತ್ರ ಹಿಡಿಯುವಷ್ಟು ಜಾಗವೂ ಆ ಯಂತ್ರದ ನೆನಪಿನಲ್ಲಿ ಇರಲಿಲ್ಲ. ನಾಯಕನಿಗೆ ಒಬ್ಬ ಹೊಸ ಎದುರಾಳಿ ಬೇಕು, ಅವನ ಚಿತ್ರಗಳಿಗೆ ಸ್ಥಳವಿಲ್ಲ. ಆಗ ನಾಯಕನ ಚಿತ್ರಗಳನ್ನೇ ಬಣ್ಣ ತಿರುವುಮುರುವು ಮಾಡಿ ಒಂದು ನೆರಳು-ಮನುಷ್ಯನನ್ನು ಸೃಷ್ಟಿಸಿದರು. ಕನ್ನಡಿಯನ್ನು ಹಾಯ್ದಾಗ ಆ ನೆರಳು ಹೊರಬೀಳುತ್ತದೆ. ಅದನ್ನು ಕತ್ತಿಯಿಂದ ಇರಿದರೆ ಇರಿದವನ ಪ್ರಾಣವೇ ಕುಂದುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಎದುರು ನಡೆದರೆ ಇಬ್ಬರೂ ಒಂದಾಗುತ್ತಾರೆ. ನಾವು ಹುಡುಗರು ಇರಿದು ಇರಿದು ಸತ್ತದ್ದೇ ಹೆಚ್ಚು.

೧೯೮೯ರಲ್ಲಿ ಆಟ ಹೊರಬಂದಾಗ ಆಪಲ್ ಟೂ ಯಂತ್ರದ ಕಾಲ ಮುಗಿಯುತ್ತ ಬಂದಿತ್ತು, ಕೊಳ್ಳುವವರಿರಲಿಲ್ಲ. ಬೇರೆ ಯಂತ್ರಗಳಿಗೆ ಅಳವಡಿಸಿದ ಮೇಲೆಯೇ ಅದು ಜಗತ್ತನ್ನು ಸುತ್ತಿ ನಮ್ಮ ಡೊಂಬಿವಲಿಗೂ ಬಂದದ್ದು. ಅನಂತರ ೧೯೧೪ರ ಮಹಾಯುದ್ಧದ ಹಿಂದಿನ ದಿನಗಳಲ್ಲಿ ಪ್ಯಾರಿಸಿನಿಂದ ಹೊರಟ ರೈಲೊಂದರ ಕಥೆಯನ್ನು ಆಟವಾಗಿಸಿ, ೧೯೯೭ರಲ್ಲಿ 'ದಿ ಲಾಸ್ಟ್ ಎಕ್ಸ್‌ಪ್ರೆಸ್' ತಂದ. ವಿಮರ್ಶಕರು ಮೆಚ್ಚಿದರು, ಮಾರಾಟ ನೆಲಕಚ್ಚಿತು. ೨೦೦೩ರಲ್ಲಿ ರಾಜಕುಮಾರ ಮತ್ತೆ ಎದ್ದ: 'ದಿ ಸ್ಯಾಂಡ್ಸ್ ಆಫ್ ಟೈಮ್' ಆಟಕ್ಕೆ ಮೆಕ್ನರ್ ಕಥೆ ಬರೆದ. ತಪ್ಪಿ ಬಿದ್ದವನು ಕಾಲವನ್ನೇ ತುಸು ಹಿಂದಕ್ಕೆ ಸರಿಸಬಲ್ಲ ಕಠಾರಿ ಅದರಲ್ಲಿದೆ. ೨೦೧೦ರಲ್ಲಿ ಅದು ಚಲನಚಿತ್ರವೂ ಆಯಿತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಮೊದಲ ಪ್ರಿನ್ಸ್ ಆಟದ ಮೂಲಬರಹ, ಅಂದರೆ ಆತ ಸಾಲುಸಾಲಾಗಿ ಬರೆದ ಗಣಕಲಿಪಿ, ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ೨೦೧೨ರಲ್ಲಿ ತಂದೆ ಮನೆಯ ಕಪಾಟು ಚೊಕ್ಕಟ ಮಾಡುವಾಗ ಹಿಂದುಗಡೆ ಒಂದು ಪೆಟ್ಟಿಗೆ ಕಂಡಿತು. ಅದನ್ನು ಎಸೆಯದೆ ಮಗನಿಗೆ ಕಳಿಸಿಕೊಟ್ಟರು. ಅದರೊಳಗೆ ಆ ಡಿಸ್ಕುಗಳಿದ್ದವು! ಹಳೆಯ ಯಂತ್ರ ಬಲ್ಲ ಇಬ್ಬರು ತಜ್ಞರು ಅವನ್ನು ಓದಿ ತೆಗೆದರು. ಮೆಕ್ನರ್ ಅದನ್ನು ಎಲ್ಲರೂ ಓದಲೆಂದು ಅಂತರ್ಜಾಲದಲ್ಲಿ ಪ್ರಕಟಿಸಿದ. ಕಾಲೇಜಿನಿಂದ ಬರೆದಿಟ್ಟ ಆತನ ದಿನಚರಿಗಳೂ ಪುಸ್ತಕಗಳಾಗಿವೆ.

ಎಸೆಯದೆ ಇಡುವ ಈ ಗುಣ ಆ ಮನೆತನಕ್ಕೆ ಎಲ್ಲಿಂದ ಬಂತು? ಉತ್ತರ ಆತನೇ ಬರೆದು, ಚಿತ್ರಿಸಿದ 'ರಿಪ್ಲೇ' ಎಂಬ ಚಿತ್ರಕಥಾ ಪುಸ್ತಕದಲ್ಲಿದೆ. ಫ್ರೆಂಚಿನಲ್ಲಿ ೨೦೨೩ರಲ್ಲಿ, ಇಂಗ್ಲಿಷಿನಲ್ಲಿ ೨೦೨೪ರಲ್ಲಿ ಬಂತು. ಬೇರು ಕಿತ್ತ ಕುಟುಂಬದ ನೆನಪು ಎಂಬರ್ಥದ ಉಪಶೀರ್ಷಿಕೆ ಅದಕ್ಕಿದೆ. ಅಜ್ಜ ಅಡಾಲ್ಫ್ ವಿಯೆನ್ನಾದ ಯಹೂದಿ ವೈದ್ಯರು, ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು. ೧೯೩೮ರಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದಾಗ ಮನೆ ಬಿಟ್ಟು ಓಡಬೇಕಾಯಿತು. ಬಾಲಕ ಫ್ರಾನ್ಸಿಸ್ ತಂದೆತಾಯಿಗಳಿಂದ ಅಗಲಿ ಫ್ರಾನ್ಸಿನಲ್ಲಿ ಉಳಿದ. ಅಲ್ಲಿಗೂ ಜರ್ಮನರ ಸೈನ್ಯ ಬಂತು. ಹೇಗೋ ಉಳಿದು ಅಮೆರಿಕ ಸೇರಿದ. ಅಜ್ಜ ಮುಪ್ಪಿನಲ್ಲಿ ತಮ್ಮ ಬಾಳನ್ನು ಮನೆಯವರಿಗಾಗಿ ಬರೆದಿಟ್ಟರು. ಆ ಬರಹವೇ ಮೊಮ್ಮಗನ ಪುಸ್ತಕಕ್ಕೆ ಅಡಿಗಲ್ಲಾಯಿತು. ವಿಚಿತ್ರವೆಂದರೆ, ಮೊಮ್ಮಗನೂ ನಡುವಯಸ್ಸಿನಲ್ಲಿ ಹೊಸ ಆಟದ ಕೆಲಸಕ್ಕೆಂದು ಅದೇ ಫ್ರಾನ್ಸಿಗೆ, ಮಾಂಪೆಲಿಯೇ ನಗರಕ್ಕೆ ಬಿಡಾರ ಬದಲಿಸಿದ. ಬಂದ ಕೆಲಸ ನಿಂತುಹೋಯಿತು. ಚಿತ್ರಕಥೆಗಳ ಕೆಲಸ ಕೈಹಿಡಿಯಿತು.

ಇದನ್ನೆಲ್ಲ ಓದಿದ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ತಮ್ಮೆದುರು ಒಂದು ತಪ್ಪೊಪ್ಪಿಗೆ ಮಾಡಬೇಕು. ನಮ್ಮ ತಂದೆಯವರು ಧಾರವಾಡದ ಕಡೆಯಿಂದ ಮುಂಬಯಿಗೆ ಬಂದ ದಿನದಿಂದ ಖರ್ಚುವೆಚ್ಚದ ವಹಿ ಬರೆಯುತ್ತಿದ್ದರು. ಬರೀ ಲೆಕ್ಕವಲ್ಲ; ಅಂಚಿನಲ್ಲಿ ಒಂದೊಂದು ಸಾಲು: ಯಾರು ಊರಿಂದ ಬಂದರು, ಯಾರ ಮದುವೆಗೆ ಹೋಗಲಾಗಲಿಲ್ಲ, ಮಳೆಗೆ ರೈಲು ಎಲ್ಲಿ ನಿಂತಿತು. ಅವರು ತೀರಿಕೊಂಡ ಮರುವರ್ಷ ಹೊಸ ಮನೆಗೆ ಬರುವಾಗ, ಜಾಗವಿಲ್ಲವೆಂದು ಅಟ್ಟದ ಮೇಲಿನ ಆ ಪೆಟ್ಟಿಗೆಯನ್ನು ನಾನೇ ರದ್ದಿಯವನ ತಕ್ಕಡಿಗೆ ಹಾಕಿದೆ. ಕಚೇರಿಯಲ್ಲಿ ಅಭಿಲೇಖ ಕಾಯುವುದೇ ನನ್ನ ಕೆಲಸ. ಮೇಲಧಿಕಾರಿಯ ಅಪ್ಪಣೆ ಇಲ್ಲದೆ ಒಂದು ಹಳೆಯ ಕಾಗದವನ್ನೂ ಹರಿಯುವವನಲ್ಲ. ಹೊಸ ಮನೆಯಲ್ಲಿ ತಾಯಿ, "ಅವರ ವಹಿ ಎಲ್ಲಿ ಇಟ್ಟೀಯಪ್ಪಾ?" ಎಂದು ಒಮ್ಮೆ ಕೇಳಿದರು. ನಾನು ಸುಮ್ಮನಿದ್ದೆ. ಅವರು ಮತ್ತೆ ಕೇಳಲಿಲ್ಲ.

ಕಾಲವನ್ನು ಹಿಂದಕ್ಕೆ ಸರಿಸುವ ಕಠಾರಿ ನಮ್ಮಲ್ಲಿಲ್ಲ. ಆದರೆ ಈಗ ಭಾನುವಾರ ಮಧ್ಯಾಹ್ನ ತಾಯಿ ನೆನಪಿದ್ದಷ್ಟು ಹೇಳುತ್ತಾರೆ. ಮಗ ಒಂದು ನೂರುಪುಟದ ವಹಿಯಲ್ಲಿ ತಾರೀಖು ಹಾಕಿ ಬರೆದುಕೊಳ್ಳುತ್ತಾನೆ. ಅವನ ಕನ್ನಡದಲ್ಲಿ ಒತ್ತಕ್ಷರ ತಪ್ಪುತ್ತವೆ. ತಿದ್ದುವ ಕೆಲಸ ನನ್ನದು. ಅದು ಮುಗಿದ ಮೇಲೆ ಅರ್ಧ ಗಂಟೆ ಆಟಕ್ಕೆ ಅನುಮತಿ ಉಂಟು.

ದೀಪಾವಳಿಗೆ ಮನೆ ಚೊಕ್ಕಟ ಮಾಡುವಾಗ ತಮ್ಮ ಅಟ್ಟದ ಮೇಲೂ ಒಂದು ಪೆಟ್ಟಿಗೆ ಸಿಕ್ಕೀತು. ರದ್ದಿಯವನನ್ನು ಕೂಗುವ ಮುನ್ನ ದಯವಿಟ್ಟು ಒಮ್ಮೆ ಮುಚ್ಚಳ ತೆರೆದು ನೋಡಿ.